ಮೊದಲು ನೀರು ನೋಡಿ, ಆಮೇಲೆ ಹಕ್ಕಿ: ರಂಗನತಿಟ್ಟಿನಲ್ಲಿ ವರ್ಷವಿಡೀ ಹಕ್ಕಿ ನೋಡುವುದು ಹೇಗೆ

ರಂಗನತಿಟ್ಟಿನಲ್ಲಿ ದೋಣಿ ಹತ್ತಿ ಸ್ವಲ್ಪ ಮುಂದೆ ಹೋದರೆ ಒಂದು ಚಪ್ಪಟೆ ಬಂಡೆ ಸಿಗುತ್ತದೆ. ಒಂದು ಮಾರ್ಚ್ ತಿಂಗಳಲ್ಲಿ ಅದರ ಮೇಲೆ ನದಿ ರೀವ (ರಿವರ್ ಟರ್ನ್) ಅನ್ನೋ ಹಕ್ಕಿಯೊಂದು ಮೊಟ್ಟೆಗೆ ಕಾವು ಕೊಡುತ್ತಾ ಕೂತಿತ್ತು. ತಲೆಗೆ ಕರಿ ಟೋಪಿ, ಹಳದಿ ಕೊಕ್ಕು, ಬೂದು ಮೈ. ಬಿಸಿಲಿಗೆ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ಆದರೂ ಕದಲಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಹೋದೆ. ಹಕ್ಕಿ ಹಾಗಿರಲಿ, ಬಂಡೆಯೇ ಇರಲಿಲ್ಲ. ಕೆಆರ್‌ಎಸ್‌ನಿಂದ ನೀರು ಬಿಟ್ಟಿದ್ದರು. ಕೆಂಪು ನೀರು ಮರಗಳ ಸೊಂಟದವರೆಗೆ ನಿಂತಿತ್ತು. ದೋಣಿ ಬಂದ್.

ಆ ದಿನ ನನಗೆ ಒಂದು ವಿಷಯ ಗಟ್ಟಿಯಾಯಿತು. ಹೊಳೆ, ಕೆರೆ, ಜೌಗು ಎಲ್ಲೇ ಹೋಗಿ, ಮೊದಲು ಓದಬೇಕಾದ್ದು ನೀರನ್ನು. ನೀರು ಎಷ್ಟಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನೋದು ಗೊತ್ತಾದರೆ ಅಲ್ಲಿ ಯಾವ ಹಕ್ಕಿ ಇರಬಹುದು ಅನ್ನೋದರ ಅರ್ಧ ಉತ್ತರ ಸಿಕ್ಕಿದಂತೆ. ಅದಕ್ಕೇ ನಾನು ಹೊಸಬರಿಗೆ ಹೇಳುವುದು ಇಷ್ಟೇ: ಹತ್ತು ಜಾಗಕ್ಕೆ ಒಂದೊಂದು ಸಲ ಹೋಗಬೇಡಿ. ಒಂದೇ ಜಾಗಕ್ಕೆ ವರ್ಷದಲ್ಲಿ ಆರು ಸಲ ಹೋಗಿ.

ಇಲ್ಲಿ ರಂಗನತಿಟ್ಟನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ನೀವು ಗದಗದವರಾದರೆ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ಕಡೆಯವರಾದರೆ ಅಂಕಸಮುದ್ರ, ಸೊರಬದವರಾದರೆ ಗುಡವಿ, ಹೀಗೆ ನಿಮ್ಮ ಹತ್ತಿರದ ನೀರನ್ನು ಆರಿಸಿಕೊಳ್ಳಿ. ಊರ ಕೆರೆ ಆದರೂ ಆಯಿತು. ವಿಧಾನ ಅದೇ.

ಜಾಗದ ಕಥೆ ಸ್ವಲ್ಪ ತಿಳಿದಿರಲಿ

ತಿಟ್ಟು ಅಂದರೆ ದಿಬ್ಬ. ಶ್ರೀರಂಗಪಟ್ಟಣದಿಂದ ಮೂರ್ನಾಲ್ಕು ಕಿಲೋಮೀಟರ್ ದೂರದಲ್ಲಿ, ಕಾವೇರಿಯ ಮಧ್ಯೆ ಇರುವ ಪುಟ್ಟ ನಡುಗಡ್ಡೆಗಳ ಗುಂಪೇ ರಂಗನತಿಟ್ಟು. 1640ರ ದಶಕದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಹೊಳೆಗೆ ಅಡ್ಡಲಾಗಿ ಒಂದು ಒಡ್ಡು ಕಟ್ಟಿದರು. ಅದರಿಂದ ನೀರು ನಿಂತು ಹರಡಿತು, ಎತ್ತರದ ಜಾಗಗಳು ನಡುಗಡ್ಡೆಗಳಾದವು. ಸುತ್ತ ನೀರು ಇದ್ದಿದ್ದರಿಂದ ಮನುಷ್ಯರ, ಬೆಕ್ಕು ನಾಯಿಗಳ ಕಾಟ ಇಲ್ಲ. ಹಕ್ಕಿಗಳಿಗೆ ಗೂಡು ಕಟ್ಟಲು ಇದಕ್ಕಿಂತ ಒಳ್ಳೆ ಜಾಗ ಬೇಕಾ? ಹಕ್ಕಿತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಇದನ್ನು ನೋಡಿ, ಆಗಿನ ಒಡೆಯರ ಮನವೊಲಿಸಿ, 1940ರಲ್ಲಿ ಪಕ್ಷಿಧಾಮ ಆಗುವಂತೆ ಮಾಡಿದರು. 2022ರಲ್ಲಿ ಇದು ಕರ್ನಾಟಕದ ಮೊದಲ ರಾಮ್ಸಾರ್ ತಾಣವಾಯಿತು. ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ ಸೇರಿತು. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯೂ ಅದೇ ಪಟ್ಟಿ ಸೇರಿದವು.

ಇಷ್ಟು ತಿಳಿದಿದ್ದರೆ ಸಾಕು. ಮನುಷ್ಯ ಕಟ್ಟಿದ ಒಡ್ಡಿನಿಂದ ಹುಟ್ಟಿದ ಜಾಗ ಇದು, ಮನುಷ್ಯ ಕಟ್ಟಿದ ಇನ್ನೊಂದು ಅಣೆಕಟ್ಟೆಯ ಬಾಗಿಲು ಇದರ ನೀರನ್ನು ಏರಿಸಿ ಇಳಿಸುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಏನೇನು ಬೇಕು

ಬಹಳ ಬೇಕಿಲ್ಲ. ಒಂದು ದುರ್ಬೀನು, ಒಂದು ಪುಟ್ಟ ನೋಟ್‌ಬುಕ್ಕು, ಪೆನ್ಸಿಲ್, ಟೋಪಿ, ನೀರಿನ ಬಾಟಲಿ. ಪೆನ್ಸಿಲ್ ಯಾಕೆ ಅಂದರೆ ಮಳೆಹನಿ ಬಿದ್ದರೂ ಬರಹ ಅಳಿಸಿಹೋಗುವುದಿಲ್ಲ. ಬಟ್ಟೆ ಮಣ್ಣಿನ ಬಣ್ಣದ್ದೋ ಮಂಕು ಹಸಿರೋ ಇರಲಿ. ಬಿಳಿ ಅಂಗಿ ದೂರದಿಂದಲೇ ಎದ್ದು ಕಾಣುತ್ತದೆ.

ಕ್ಯಾಮೆರಾ ಮೊದಲ ಮೂರು ಭೇಟಿಗೆ ಮನೆಯಲ್ಲೇ ಇರಲಿ ಅನ್ನೋದು ನನ್ನ ಖಚಿತ ಅಭಿಪ್ರಾಯ. ಕ್ಯಾಮೆರಾ ಕೈಯಲ್ಲಿದ್ದರೆ ಹಕ್ಕಿ ಹತ್ತಿರ ಬಂದಾಗ ಮಾತ್ರ ನೋಡುತ್ತೇವೆ. ದುರ್ಬೀನು ಇದ್ದರೆ ಅದು ಏನು ಮಾಡುತ್ತಿದೆ ಅಂತ ನೋಡುತ್ತೇವೆ.

ದುರ್ಬೀನಿನ ಮೇಲೆ 8×42, 10×50 ಅಂತ ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಅನ್ನೋದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಅಗಲ ಜಾಸ್ತಿ ಆದಷ್ಟೂ ಬೆಳಕು ಜಾಸ್ತಿ, ಭಾರವೂ ಜಾಸ್ತಿ. ಹೊಸಬರಿಗೆ 8×42 ಸರಿ. ಹತ್ತು ಪಟ್ಟು ಅಂದರೆ ಇನ್ನೂ ಚೆನ್ನ ಅಲ್ವಾ ಅಂತ ಅನಿಸಬಹುದು. ಆದರೆ ಕೈ ನಡುಗಿದ್ದೂ ಹತ್ತು ಪಟ್ಟು ಕಾಣುತ್ತದೆ. ತೇಲುವ ದೋಣಿಯಲ್ಲಿ ಅದು ದೊಡ್ಡ ತೊಂದರೆ.

ಕೊಂಡ ಮೇಲೆ ಅದನ್ನು ನಿಮ್ಮ ಕಣ್ಣಿಗೆ ಹೊಂದಿಸಬೇಕು. ಬಹಳ ಜನ ಇದನ್ನು ಮಾಡುವುದೇ ಇಲ್ಲ, ಮಸುಕು ಮಸುಕಾಗಿ ನೋಡಿ ತಲೆನೋವು ತಂದುಕೊಳ್ಳುತ್ತಾರೆ. ಮನೆಯಲ್ಲೇ ಹೀಗೆ ಮಾಡಿ:

1. ಎರಡೂ ಕೊಳವೆಗಳನ್ನು ಮಡಚಿ ಬಿಚ್ಚಿ, ಎರಡು ವೃತ್ತಗಳು ಒಂದೇ ವೃತ್ತವಾಗಿ ಕಾಣುವಂತೆ ಮಾಡಿ. ಕನ್ನಡಕ ಹಾಕುವವರು ಕಣ್ಣಿನ ಹತ್ತಿರದ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಕೊಳ್ಳಬೇಕು.
2. ದೂರದ ಒಂದು ಬೋರ್ಡನ್ನು ಆರಿಸಿಕೊಳ್ಳಿ. ಬಲಗಡೆಯ ಮುಂದಿನ ಗಾಜನ್ನು ಕೈಯಿಂದ ಮುಚ್ಚಿ. ಎಡಗಣ್ಣಿಗೆ ಅಕ್ಷರ ಸ್ಪಷ್ಟ ಆಗುವವರೆಗೆ ನಡುವಿನ ಚಕ್ರ ತಿರುಗಿಸಿ.
3. ಈಗ ಎಡಗಡೆ ಮುಚ್ಚಿ. ನಡುವಿನ ಚಕ್ರ ಮುಟ್ಟಬೇಡಿ. ಬಲಗಣ್ಣಿನ ಹತ್ತಿರ ಇರುವ ಸಣ್ಣ ಬಳೆಯನ್ನು ಮಾತ್ರ ತಿರುಗಿಸಿ, ಅದೇ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ.
4. ಆ ಬಳೆ ಎಲ್ಲಿ ನಿಂತಿದೆ ಅಂತ ಗುರುತಿಟ್ಟುಕೊಳ್ಳಿ. ಇನ್ನು ಮುಂದೆ ನಡುವಿನ ಚಕ್ರ ಒಂದೇ ಸಾಕು.

ಇನ್ನೊಂದು ಅಭ್ಯಾಸ ಬೇಕು. ಹಕ್ಕಿ ಕಂಡ ಕೂಡಲೇ ತಲೆ ಬಗ್ಗಿಸಿ ದುರ್ಬೀನು ಹುಡುಕಬೇಡಿ. ಕಣ್ಣು ಹಕ್ಕಿ ಮೇಲೇ ಇರಲಿ, ದುರ್ಬೀನನ್ನು ಕಣ್ಣಿನ ಹತ್ತಿರಕ್ಕೆ ತನ್ನಿ. ಎದುರು ಮನೆಯ ತಂತಿ ಮೇಲಿನ ಕಾಗೆಯನ್ನು ಇಟ್ಟುಕೊಂಡು ಇಪ್ಪತ್ತು ಸಲ ಮಾಡಿ ನೋಡಿ, ಕೈಗೆ ಬಂದುಬಿಡುತ್ತದೆ.

ಹೋದ ದಿನ ಮಾಡಬೇಕಾದ್ದು

ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಭಾನುವಾರ ಮತ್ತು ಸಾಲು ರಜೆ ಬೇಡ. ಮೈಸೂರಿನಿಂದ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ, ಹಾಗಾಗಿ ಬೆಳಗ್ಗೆ ಬೇಗ ಹೊರಡುವುದು ಕಷ್ಟವೇನಲ್ಲ.

ಒಳಗೆ ಹೋದ ಕೂಡಲೇ ದೋಣಿಗೆ ಓಡಬೇಡಿ. ದಡದಲ್ಲಿ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ನೀರು ಎಲ್ಲಿವರೆಗೆ ಇದೆ? ಬಂಡೆಗಳು ಎಷ್ಟು ಕಾಣುತ್ತಿವೆ? ಬಂಡೆ ಮೇಲೆ ಒದ್ದೆ ಗೆರೆ ಇದ್ದರೆ ನೀರು ಈಗಷ್ಟೇ ಇಳಿದಿದೆ ಅಂತ. ನೀರು ತಿಳಿಯೋ ಕೆಂಪೋ? ಇದನ್ನು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆಯಿರಿ. ದಿನಾಂಕ, ಹೊತ್ತು, ಮೋಡವೋ ಬಿಸಿಲೋ, ಆಮೇಲೆ ನೀರು. ಹಕ್ಕಿಯ ಹೆಸರು ಅದರ ಕೆಳಗೆ.

ಸೂರ್ಯನನ್ನು ಬೆನ್ನಿಗೆ ಇಟ್ಟುಕೊಂಡು ನಿಲ್ಲಿ. ಎದುರು ಬೆಳಕಿನಲ್ಲಿ ಎಲ್ಲ ಹಕ್ಕಿಯೂ ಕರಿ ಹಕ್ಕಿಯೇ.

ದೋಣಿಯನ್ನು ಹುಟ್ಟು ಹಾಕಿ ನಡೆಸುತ್ತಾರೆ. ಎಲ್ಲರ ಜೊತೆ ಹೋಗುವ ದೋಣಿ ಬೇಗ ಮುಗಿದುಬಿಡುತ್ತದೆ. ನಾಲ್ಕೈದು ಗೆಳೆಯರು ಸೇರಿ ಪ್ರತ್ಯೇಕ ದೋಣಿ ತೆಗೆದುಕೊಂಡರೆ ನಿಧಾನವಾಗಿ ನೋಡಬಹುದು. ದರವನ್ನು ಟಿಕೆಟ್ ಕೌಂಟರ್‌ನಲ್ಲಿ ಕೇಳಿ. ದೋಣಿ ನಡೆಸುವವರ ಜೊತೆ ಮಾತಾಡಿ. "ಅಣ್ಣಾ, ಹೋದ ವಾರಕ್ಕಿಂತ ನೀರು ಜಾಸ್ತಿ ಆಗಿದೆಯಾ? ಯಾವ ತಿಟ್ಟಲ್ಲಿ ಮರಿ ಆಗಿದಾವೆ?" ಅಂತ ಕೇಳಿದರೆ ಅವರ ಮುಖ ಅರಳುತ್ತದೆ. ದಿನವೂ ಆ ನೀರಿನ ಮೇಲೇ ಇರುವವರು ಅವರು. ಅವರು ಹೇಳಿದ ಮಾತುಗಳು ನನ್ನ ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ಇವೆ.

ಕೈಯನ್ನು ನೀರಿಗೆ ಇಳಿಬಿಡಬೇಡಿ. ಇಲ್ಲಿ ಮೊಸಳೆಗಳು ಬಹಳ ಇವೆ. ಬಂಡೆ ಮೇಲೆ ಬಾಯಿ ತೆರೆದು ಮಲಗಿದ್ದರೆ ಅದು ಕೋಪ ಅಲ್ಲ, ಮೈಯ ಬಿಸಿ ಇಳಿಸಿಕೊಳ್ಳುವ ಬಗೆ. ಅದೃಷ್ಟ ಇದ್ದರೆ ನೀರುನಾಯಿ ಕಾಣುತ್ತದೆ. ಮರದ ತುಂಬಾ ಜೋತುಬಿದ್ದಿರುವ ಬಾವಲಿಗಳಂತೂ ಕಂಡೇ ಕಾಣುತ್ತವೆ.

ಗುರುತು ಹಿಡಿಯುವುದು: ಬಣ್ಣ ಕೊನೆಗೆ

ಹೊಸಬರು ಮೊದಲು ಬಣ್ಣ ನೋಡುತ್ತಾರೆ. ಅದು ಮೋಸ ಮಾಡುತ್ತದೆ. ಮರಿಯ ಬಣ್ಣ ಬೇರೆ, ದೊಡ್ಡದರದ್ದು ಬೇರೆ, ಗೂಡು ಕಟ್ಟುವ ಕಾಲದ್ದು ಇನ್ನೂ ಬೇರೆ. ನೀರಹಕ್ಕಿಗಳಲ್ಲಿ ಮೊದಲು ನೋಡಬೇಕಾದ್ದು ಕೊಕ್ಕು. ಕೊಕ್ಕು ಆ ಹಕ್ಕಿಯ ಕಸುಬಿನ ಉಪಕರಣ. ಬಡಗಿಯ ಉಳಿ, ಗಾರೆಯವರ ಕರಣೆ ನೋಡಿದರೆ ಕೆಲಸ ಗೊತ್ತಾಗುವ ಹಾಗೆ, ಕೊಕ್ಕು ನೋಡಿದರೆ ಊಟ ಗೊತ್ತಾಗುತ್ತದೆ.

ಬಣ್ಣದ ಕೊಕ್ಕರೆಯನ್ನು ತೆಗೆದುಕೊಳ್ಳಿ. ಉದ್ದ ಹಳದಿ ಕೊಕ್ಕು, ತುದಿ ಸ್ವಲ್ಪ ಕೆಳಕ್ಕೆ ಬಾಗಿದ್ದು. ಮೊಣಕಾಲಿನಷ್ಟು ನೀರಿನಲ್ಲಿ ನಿಂತು ಕೊಕ್ಕನ್ನು ಅರ್ಧ ತೆರೆದು ಅದ್ದಿ, ಅತ್ತ ಇತ್ತ ಆಡಿಸುತ್ತದೆ. ಕಾಲಿನಿಂದ ಕೆಸರು ಕಲಕುತ್ತದೆ. ಮೀನು ಕೊಕ್ಕಿಗೆ ತಗುಲಿದ ಕೂಡಲೇ ಟಪ್ ಅಂತ ಮುಚ್ಚುತ್ತದೆ. ಕಣ್ಣಿಗಿಂತ ಸ್ಪರ್ಶವನ್ನೇ ನಂಬಿರುವ ಹಕ್ಕಿ ಅದು. ಹಾಗಾಗಿ ಅದಕ್ಕೆ ಕಲಕಿದ ನೀರಾದರೂ ಸರಿ, ಆದರೆ ಆಳ ಆಗುವಂತಿಲ್ಲ.

ಚಮಚ ಕೊಕ್ಕಿನ ಹಕ್ಕಿಯೂ ಹಾಗೇ. ಚಪ್ಪಟೆ ಸೌಟಿನಂಥ ಕೊಕ್ಕನ್ನು ನೀರಿನಲ್ಲಿ ಕುಡುಗೋಲು ಬೀಸಿದ ಹಾಗೆ ಬೀಸುತ್ತಾ ನಡೆಯುತ್ತದೆ. ಬಾಯ್ಕಳಕ ಕೊಕ್ಕರೆಯ ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಅದರ ಮುಖ್ಯ ಊಟ ಬಸವನಹುಳು, ಗದ್ದೆ ಕೆರೆಗಳಲ್ಲಿ ಸಿಗುವ ದೊಡ್ಡ ಜಾತಿಯದ್ದು. ಮರಿಯ ಕೊಕ್ಕಿನಲ್ಲಿ ಆ ಸಂದು ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ಕರಿ ತಲೆಯ ಬಿಳಿ ಕೆಂಬರಲಿನ ಕೊಕ್ಕು ಕುಡುಗೋಲಿನಂತೆ ಬಾಗಿದೆ, ಅದನ್ನು ಕೆಸರಿಗೆ ಚುಚ್ಚಿ ಹುಳು ತೆಗೆಯುತ್ತದೆ. ಹೆಜ್ಜಾರ್ಲೆ ಆಳದ ನೀರಿನಲ್ಲಿ ಈಜುತ್ತಾ ಕೊಕ್ಕಿನ ಕೆಳಗಿನ ಚೀಲದಲ್ಲಿ ಮೀನನ್ನು ಬಾಚುತ್ತದೆ. ನೀರುಕಾಗೆ, ಹಾವಕ್ಕಿ ಇನ್ನೂ ಆಳಕ್ಕೆ ಮುಳುಗುತ್ತವೆ. ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆ, ಹಾವಕ್ಕಿಯದ್ದು ಭರ್ಜಿ. ಹಾವಕ್ಕಿ ಈಜುವಾಗ ಕತ್ತು ಮಾತ್ರ ಮೇಲಿರುತ್ತದೆ, ದೂರಕ್ಕೆ ಹಾವೇ.

ಈಗ ನೀರಿನ ವಿಷಯಕ್ಕೆ ಬನ್ನಿ. ಕೆಸರು, ಪಾದದಷ್ಟು ನೀರು, ಮೊಣಕಾಲಿನಷ್ಟು, ಆಳ. ಒಂದೊಂದು ಆಳಕ್ಕೂ ಒಂದೊಂದು ಕೊಕ್ಕು. ನೀರು ಒಂದಡಿ ಏರಿದರೆ ಕೆಂಬರಲಿನ ಊಟದ ತಟ್ಟೆ ಮುಳುಗುತ್ತದೆ, ನೀರುಕಾಗೆಗೆ ಹೊಸ ಜಾಗ ಸಿಗುತ್ತದೆ. "ಹೋದ ಸಲ ಇತ್ತು, ಈ ಸಲ ಯಾಕಿಲ್ಲ" ಅನ್ನೋ ಪ್ರಶ್ನೆಗೆ ಬಹಳ ಸಲ ಉತ್ತರ ಇಷ್ಟೇ.

ಬೆಳ್ಳಕ್ಕಿಗಳಲ್ಲಿ ಮಾತ್ರ ಸ್ವಲ್ಪ ಹೆಚ್ಚು ತಾಳ್ಮೆ ಬೇಕು. ಬಿಳಿ ಹಕ್ಕಿ ಅಂತ ಒಂದೇ ಹೆಸರಿನಲ್ಲಿ ಮುಗಿಸಬೇಡಿ, ನಾಲ್ಕು ಬಗೆ ಇವೆ. ಚಿಕ್ಕ ಬೆಳ್ಳಕ್ಕಿಗೆ ಕರಿ ಕೊಕ್ಕು, ಕರಿ ಕಾಲು, ಆದರೆ ಬೆರಳುಗಳು ಹಳದಿ. ಹಾರಿದಾಗ ಹಳದಿ ಕಾಲುಚೀಲ ಹಾಕಿದಂತೆ ಕಾಣುತ್ತದೆ. ಗೋವಕ್ಕಿ ಗಿಡ್ಡ, ಕೊಕ್ಕು ಹಳದಿ, ದನದ ಹಿಂದೆ ಇರುತ್ತದೆ. ದೊಡ್ಡ ಬೆಳ್ಳಕ್ಕಿಗೂ ಮಧ್ಯಮ ಬೆಳ್ಳಕ್ಕಿಗೂ ವ್ಯತ್ಯಾಸ ಹೇಳುವುದು ಬಾಯಿಯ ಗೆರೆ. ದೊಡ್ಡದರಲ್ಲಿ ಆ ಗೆರೆ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ, ಮಧ್ಯಮದಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ಗೂಡಿನ ಕಾಲದಲ್ಲಿ ದೊಡ್ಡ ಬೆಳ್ಳಕ್ಕಿಯ ಹಳದಿ ಕೊಕ್ಕು ಕಪ್ಪಾಗುತ್ತದೆ. ಬಣ್ಣ ನಂಬಬೇಡಿ ಅಂದಿದ್ದು ಇದಕ್ಕೇ.

ಹಾರುವಾಗ ಕತ್ತು ನೋಡಿ. ಬಕ, ಬೆಳ್ಳಕ್ಕಿಗಳು ಕತ್ತು ಮಡಚಿಕೊಂಡು ಹಾರುತ್ತವೆ. ಕೊಕ್ಕರೆ, ಕೆಂಬರಲು, ಚಮಚ ಕೊಕ್ಕು ಕತ್ತನ್ನು ಮುಂದಕ್ಕೆ ಚಾಚಿ ಹಾರುತ್ತವೆ. ಎಷ್ಟೇ ದೂರ ಇದ್ದರೂ ಇದು ಕೈಕೊಡುವುದಿಲ್ಲ.

ಗಣೇಶನ ಹಬ್ಬದಿಂದ ದೀಪಾವಳಿ: ಬರುವವರನ್ನು ಕಾಯುವ ಕಾಲ

ಚಳಿಗಾಲದ ವಲಸೆ ಹಕ್ಕಿಗಳು ಡಿಸೆಂಬರಿನಲ್ಲಿ ಬರುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮೊದಲ ಅತಿಥಿ ಸೆಪ್ಟೆಂಬರಿನಲ್ಲೇ ಬಂದಿರುತ್ತದೆ. ಅದು ಬೂದು ಕುಂಡೆಕುಸ್ಕ. ಹಿಮಾಲಯದ ಕಡೆಯಿಂದ ಬರುವ, ಗುಬ್ಬಿಗಿಂತ ಸ್ವಲ್ಪ ಉದ್ದದ ಹಕ್ಕಿ. ಬೂದು ಬೆನ್ನು, ಹಳದಿ ಹೊಟ್ಟೆ, ನಿಂತಲ್ಲಿ ನಿಲ್ಲದೆ ಬಾಲ ಕುಣಿಸುತ್ತದೆ. ಒದ್ದೆ ಬಂಡೆ, ಕಾಲುವೆಯ ಅಂಚು, ಕೊನೆಗೆ ಮನೆಯ ತಾರಸಿಯ ಮೇಲೂ ಕಾಣುತ್ತದೆ. ಅದು ಕಂಡ ದಿನವನ್ನು ಬರೆದಿಡಿ. ನನಗಂತೂ ಅದೇ ಹೊಸ ವರ್ಷ.

ನೀರಂಚಿನಲ್ಲಿ ಓಡಾಡುವ ಗೊರವ ಹಕ್ಕಿಗಳೂ ಇದೇ ಹೊತ್ತಿಗೆ ಕೆಸರಿನ ಅಂಚಿಗೆ ಇಳಿಯುತ್ತವೆ. ಇವನ್ನು ಗುರುತಿಸುವುದು ಕಷ್ಟ, ಮೊದಲ ವರ್ಷ ತಲೆಕೆಡಿಸಿಕೊಳ್ಳಬೇಡಿ. ಗಾತ್ರ, ಕಾಲಿನ ಬಣ್ಣ, ಹಾರಿದಾಗ ಬಾಲದ ಮೇಲ್ಗಡೆ ಬಿಳಿ ಇದೆಯೋ ಇಲ್ಲವೋ, ಇಷ್ಟು ಬರೆದುಕೊಂಡರೆ ಸಾಕು.

ದಸರಾ ರಜೆಯಲ್ಲಿ ರಂಗನತಿಟ್ಟು ಜನರಿಂದ ತುಂಬಿರುತ್ತದೆ. ಆ ವಾರ ಬಿಟ್ಟುಬಿಡಿ.

ದೀಪಾವಳಿಯಿಂದ ಸಂಕ್ರಾಂತಿ: ಹೊಳೆ ಬಿಟ್ಟು ಕೆರೆಗೆ

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ವಲಸೆ ಬಾತುಗಳ ದೊಡ್ಡ ಹಿಂಡು ನೋಡಬೇಕು ಅಂತ ರಂಗನತಿಟ್ಟಿಗೆ ಹೋದರೆ ನಿರಾಸೆ ಆಗುತ್ತದೆ. ಹರಿಯುವ ಹೊಳೆ, ಬಂಡೆ, ಮರಗಳ ಜಾಗ ಅದು. ಬಾತುಗಳಿಗೆ ಬಯಲು ಕೆರೆ ಬೇಕು. ಹಾಗಾಗಿ ಈ ಎರಡು ತಿಂಗಳು ಮೈಸೂರಿನ ಸುತ್ತಲ ಕೆರೆಗಳಿಗೆ ಹೋಗಿ. ಊರೊಳಗೇ ಕುಕ್ಕರಹಳ್ಳಿ ಕೆರೆ ಇದೆ, ಲಿಂಗಾಂಬುಧಿ ಕೆರೆ ಇದೆ. ನಂಜನಗೂಡಿನ ಕಡೆ ಹದಿನಾರು ಕೆರೆ ಇದೆ.

ಹದಿನಾರು ಕೆರೆಯಲ್ಲಿ ನೋಡಬೇಕಾದ್ದು ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕರಿ ಪಟ್ಟೆ. ಮಂಗೋಲಿಯಾದಲ್ಲಿ ಗುರುತಿಗೆ ಅಂತ ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ನಡುವೆ ಹಿಮಾಲಯ ಇದೆ ಅಲ್ವಾ? ಅದನ್ನು ದಾಟುವಾಗ ಇವು 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ದೂರದಿಂದ ಬಂದು ನಮ್ಮ ಗದ್ದೆಯ ಬದುವಿನಲ್ಲಿ ಹುಲ್ಲು ಮೇಯುತ್ತವೆ. ಮೊದಲ ಸಲ ನೋಡಿದಾಗ ನನಗೆ ಮಾತೇ ಬರಲಿಲ್ಲ.

ಇವನ್ನು ನೋಡಲು ನಸುಕಿನಲ್ಲೇ ಹೋಗಬೇಕು. ರಾತ್ರಿ ಹೊಲಗಳಲ್ಲಿ ಮೇದು, ಬೆಳಗ್ಗೆ ಕೆರೆಗೆ ಹಿಂತಿರುಗುತ್ತವೆ, ಹಗಲಲ್ಲಿ ನೀರಿನಲ್ಲೋ ದಡದಲ್ಲೋ ವಿಶ್ರಾಂತಿ. ಏರಿಯ ಮೇಲೆ ನಿಂತು ನೋಡಿ, ದಡಕ್ಕೆ ಇಳಿಯಬೇಡಿ. ಒಂದು ಹೆಬ್ಬಾತು ಕತ್ತು ಎತ್ತಿದರೆ ನಿಲ್ಲಿ. ನಾಲ್ಕು ಎತ್ತಿದರೆ ಎರಡು ಹೆಜ್ಜೆ ಹಿಂದಕ್ಕೆ ಬನ್ನಿ. ಕೊರಳಪಟ್ಟಿ ಕಂಡರೆ ಅದರ ಬಣ್ಣ, ಮೇಲಿನ ಅಕ್ಷರ ಅಂಕಿ ಬರೆದುಕೊಳ್ಳಿ.

ಅದೇ ಕೆರೆಯಲ್ಲಿ ಸೂಜಿಬಾಲದ ಬಾತು, ಸಲಿಕೆ ಕೊಕ್ಕಿನ ಚಲುಕ ಬಾತು ಸಿಗಬಹುದು. ವರಟೆ ಬಾತು ನಮ್ಮದೇ ಊರಿನದ್ದು, ವರ್ಷವಿಡೀ ಇರುತ್ತದೆ, ಕೊಕ್ಕಿನ ತುದಿ ಹಳದಿ. ಹಣೆಯಲ್ಲಿ ಬಿಳಿ ನಾಮ ಇಟ್ಟುಕೊಂಡ ಕರಿ ಹಕ್ಕಿ ನಾಮದ ಕೋಳಿ. ಇದಕ್ಕಿಂತ ಸರಿಯಾದ ಹೆಸರು ಇನ್ನೇನು ಇಡಲು ಸಾಧ್ಯ!

ಹಿಂಡನ್ನು ಎಣಿಸುವುದು ಹೇಗೆ ಅಂತ ಕೇಳುತ್ತಾರೆ. ಮೊದಲು ಹತ್ತು ಹಕ್ಕಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿದೆ ಅಂತ ಕಣ್ಣಲ್ಲಿ ಇಟ್ಟುಕೊಳ್ಳಿ. ಅಂಥ ತುಂಡುಗಳು ಹಿಂಡಿನಲ್ಲಿ ಎಷ್ಟಿವೆ ಅಂತ ಎಣಿಸಿ. ಎರಡು ಸಲ ಮಾಡಿ, ಎರಡೂ ಸುಮಾರು ಒಂದೇ ಬಂದರೆ ಬರೆಯಿರಿ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರಹಕ್ಕಿ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದಿದೆ. ಹೊಸಬರೂ ಸೇರಬಹುದು. ಅನುಭವಿಗಳ ಪಕ್ಕ ನಿಂತು ಒಂದು ಬೆಳಗ್ಗೆ ಎಣಿಸಿದರೆ ನಾಲ್ಕು ತಿಂಗಳ ಕಲಿಕೆ ಆಗುತ್ತದೆ. ನಿಮ್ಮ ಪಟ್ಟಿಯನ್ನು, ಎಲ್ಲರ ಹಕ್ಕಿ ಪಟ್ಟಿಗಳನ್ನು ಕೂಡಿಡುವ ಜಾಲತಾಣವಾದ ಇ-ಬರ್ಡ್‌ಗೆ ಹಾಕಿ. ಯಾವ ಕೆರೆಯಲ್ಲಿ ಯಾವ ಹಕ್ಕಿ ಕಡಿಮೆ ಆಗುತ್ತಿದೆ ಅಂತ ತಿಳಿಯುವುದು ಇಂಥ ಸಾವಿರಾರು ಸಾಮಾನ್ಯ ಪಟ್ಟಿಗಳಿಂದಲೇ.

ಶಿವರಾತ್ರಿಯಿಂದ ಬೇಸಿಗೆವರೆಗೆ: ತಿಟ್ಟಿನ ತುಂಬಾ ಬಾಣಂತನ

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಅಂತಾರಲ್ಲ, ಆಗ ರಂಗನತಿಟ್ಟಿಗೆ ವಾಪಸ್ ಬನ್ನಿ. ಹೊಳೆ ಇಳಿದಿರುತ್ತದೆ. ಬಂಡೆಗಳು ಎದ್ದಿರುತ್ತವೆ. ಮರಗಳ ಮೇಲೆ ಬಣ್ಣದ ಕೊಕ್ಕರೆಗಳ ಗೂಡುಗಳು ಒಂದರ ಪಕ್ಕ ಒಂದು, ವಠಾರದ ಮನೆಗಳ ಹಾಗೆ. ನೀರು ಇಳಿದಾಗ ಮೀನುಗಳು ಗುಂಡಿಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ. ಮರಿಗಳ ಹೊಟ್ಟೆ ತುಂಬಿಸಲು ಅದಕ್ಕಿಂತ ಒಳ್ಳೆ ಹೊತ್ತಿಲ್ಲ. ಮಲೆನಾಡಿನಲ್ಲಿ ಲೆಕ್ಕ ಬೇರೆ. ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಮಳೆಗಾಲದಲ್ಲೇ ಗೂಡು ಕಟ್ಟುತ್ತವೆ.

ಈಗ ಪಟ್ಟಿ ಮಾಡುವುದನ್ನು ಬಿಡಿ. ಒಂದು ಗೂಡು ಆರಿಸಿಕೊಳ್ಳಿ, ದಡದಿಂದಲೇ ಚೆನ್ನಾಗಿ ಕಾಣುವಂಥದ್ದು. ಮೂರು ವಾರಕ್ಕೊಮ್ಮೆ ಅದೇ ಗೂಡು ನೋಡಿ. ಮೊದಲ ಸಲ ಕಡ್ಡಿ ತರುವುದು ಕಾಣುತ್ತದೆ. ಎರಡನೇ ಸಲ ಒಂದು ಹಕ್ಕಿ ಕೂತೇ ಇರುತ್ತದೆ, ಕಾವು ಸುಮಾರು ಒಂದು ತಿಂಗಳು. ಮೂರನೇ ಸಲ ಬಿಳಿ ಹತ್ತಿಯಂಥ ಮರಿಗಳು. ಮಧ್ಯಾಹ್ನದ ಬಿಸಿಲಿಗೆ ತಾಯಿಯೋ ತಂದೆಯೋ ಸೂರ್ಯನಿಗೆ ಬೆನ್ನು ಮಾಡಿ, ರೆಕ್ಕೆ ಬಿಚ್ಚಿ ಕೊಡೆಯ ಹಾಗೆ ನಿಲ್ಲುತ್ತದೆ. ನೆರಳು ಸರಿದ ಹಾಗೆ ತಾನೂ ಸರಿಯುತ್ತದೆ. ಹೊಳೆಯಿಂದ ನೀರು ಕುಡಿದು ಬಂದು ಮರಿಗಳ ಬಾಯಿಗೆ ಬಿಡುತ್ತದೆ. ಇದನ್ನು ಅರ್ಧ ಗಂಟೆ ನೋಡಿದವರಿಗೆ ಹಕ್ಕಿ ಅಂದರೆ ಏನು ಅಂತ ನಾನು ಹೇಳಬೇಕಿಲ್ಲ.

ಗೂಡಿನ ಹತ್ತಿರ ಹೋಗಬಾರದು ಅನ್ನೋದು ಯಾಕೆ ಅಂತ ಈಗ ತಿಳಿಯಿತಲ್ಲ? ನಾನೂ ಒಮ್ಮೆ ದೋಣಿಯವರನ್ನು "ಇನ್ನು ಸ್ವಲ್ಪ ಮುಂದಕ್ಕೆ" ಅಂತ ಒತ್ತಾಯ ಮಾಡಿದ್ದೆ. ಅವರು ಬೇಡ ಅಂದರೂ ಕೇಳಲಿಲ್ಲ. ಕೊಕ್ಕರೆ ಎದ್ದು ಪಕ್ಕದ ಕೊಂಬೆಗೆ ಹೋಯಿತು. ಮರಿಗಳು ಬಿಸಿಲಿಗೆ ಬಿದ್ದವು. ಕಾಗೆಯೊಂದು ಎಲ್ಲಿಂದಲೋ ಬಂದು ಮೇಲಿನ ಕೊಂಬೆಯಲ್ಲಿ ಕೂತಿತು. ನಾವು ಹಿಂದೆ ಸರಿದ ಮೇಲೂ ಕೊಕ್ಕರೆ ಗೂಡಿಗೆ ಬರಲು ಎಷ್ಟೋ ಹೊತ್ತು ಹಿಡಿಯಿತು. ಆ ಹೊತ್ತು ನನಗೆ ಈಗಲೂ ನೆನಪಿದೆ. ಹಕ್ಕಿ ಎದ್ದು ನಿಂತಿತು ಅಂದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಚಪ್ಪಾಳೆ ತಟ್ಟಿ ಹಾರಿಸುವುದು, ಡ್ರೋನ್ ಬಿಡುವುದು, ಯಾವುದೂ ಬೇಡ.

ಬಂಡೆಗಳ ಮೇಲೂ ಕಣ್ಣಿಡಿ. ನದಿ ರೀವ ಗೂಡು ಕಟ್ಟುವುದಿಲ್ಲ, ಬಂಡೆ ಅಥವಾ ಮರಳ ದಿಬ್ಬದ ಮೇಲೇ ಮೊಟ್ಟೆ ಇಡುತ್ತದೆ. ಅಣೆಕಟ್ಟೆಯಿಂದ ಇದ್ದಕ್ಕಿದ್ದಂತೆ ನೀರು ಬಿಟ್ಟರೆ ಎಲ್ಲ ಕೊಚ್ಚಿಹೋಗುತ್ತದೆ. ಈ ಹಕ್ಕಿ ಈಗ ಅಪಾಯದ ಅಂಚಿನ ಪಟ್ಟಿಯಲ್ಲಿದೆ. ಇನ್ನು ಬಂಡೆಯ ಚಾಚಿದ ಅಡಿಭಾಗದಲ್ಲಿ ಮಣ್ಣಿನ ಸಣ್ಣ ಗೂಡುಗಳ ಗೊಂಚಲು ಕಂಡರೆ ಅವು ಅಂಬರಗುಬ್ಬಿಗಳದ್ದು.

ಇದೇ ಕಾಲದಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಅಲ್ಲಿ ಬೇಲಿಯೂ ಇಲ್ಲ, ದೋಣಿಯೂ ಇಲ್ಲ. ಮನೆಯ ಹಿತ್ತಲಿನ ಹುಣಸೆ ಮರದ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಂಡು ಬಂದಿದ್ದಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಯಾರದೋ ಮನೆಯ ಅಂಗಳಕ್ಕೆ ಹೋಗುವಾಗ "ಅಮ್ಮಾ, ಸ್ವಲ್ಪ ಹಕ್ಕಿ ನೋಡಬಹುದಾ?" ಅಂತ ಕೇಳಿ ಹೋಗಿ.

ಮುಂಗಾರು: ದೋಣಿ ನಿಂತಾಗ

ಜೂನ್ ದಾಟಿ, ಕೊಡಗಿನಲ್ಲಿ ಮಳೆ ಹಿಡಿದು, ಕೆಆರ್‌ಎಸ್ ತುಂಬುತ್ತಾ ಬಂದರೆ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೊರಹರಿವು ಜಾಸ್ತಿ ಆದರೆ ದೋಣಿ ನಿಲ್ಲಿಸುತ್ತಾರೆ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿ.

ದೋಣಿ ಇಲ್ಲ ಅಂತ ಮನೆಯಲ್ಲಿ ಕೂರುವುದು ಬೇಡ. ಈಗ ಹಕ್ಕಿಗಳು ಬಟ್ಟೆ ಬದಲಾಯಿಸುವ ಕಾಲ. ವರ್ಷವೆಲ್ಲ ಮಣ್ಣು ಬಣ್ಣದಲ್ಲಿ ಕಾಣದಂತೆ ಕೂರುವ ಕೊಳದ ಬಕದ ಬೆನ್ನು ಗಾಢ ಕಂದುಗೆಂಪು ಆಗುತ್ತದೆ. ಗೋವಕ್ಕಿಯ ತಲೆ ಕತ್ತು ಹೊಂಬಣ್ಣ. ಚಿಕ್ಕ ಬೆಳ್ಳಕ್ಕಿಯ ನೆತ್ತಿಯಿಂದ ಎರಡು ಗರಿ ಇಳಿಬೀಳುತ್ತವೆ. ತಾವರೆ, ನೈದಿಲೆ ಇರುವ ಕೆರೆಗೆ ಹೋದರೆ ದೇವನಕ್ಕಿ ಸಿಗಬಹುದು, ಉದ್ದ ಬಾಲ ಬಿಟ್ಟುಕೊಂಡು ಎಲೆಯಿಂದ ಎಲೆಗೆ ನಡೆಯುತ್ತಿರುತ್ತದೆ. ಅದರಲ್ಲಿ ಮೊಟ್ಟೆಗೆ ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಗಂಡು. ದಡದ ಈಚಲು, ಜಾಲಿಗಳಲ್ಲಿ ಗೀಜಗ ಗೂಡು ನೇಯುತ್ತಿರುತ್ತದೆ. ಅರ್ಧ ನೇಯ್ದ ಗೂಡಿಗೆ ಹೆಣ್ಣು ಬಂದು ಪರೀಕ್ಷೆ ಮಾಡುವುದನ್ನು ಕಾದು ನೋಡಿ.

ಈ ಕಾಲದಲ್ಲಿ ದುರ್ಬೀನಿಗೆ ದೊಡ್ಡ ಶತ್ರು ಬೂಷ್ಟು. ಒದ್ದೆಯಾದದ್ದನ್ನು ಹಾಗೇ ಚೀಲದಲ್ಲಿ ಇಟ್ಟರೆ ಗಾಜಿನ ಒಳಗೆ ಬೆಳೆದುಬಿಡುತ್ತದೆ. ಮನೆಗೆ ಬಂದ ಕೂಡಲೇ ಒರೆಸಿ, ಗಾಳಿಗೆ ಇಟ್ಟು, ಆಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ.

ನೋಟ್‌ಬುಕ್ಕಿನ ಎರಡನೇ ವರ್ಷ

ಆರು ಭೇಟಿ ಮುಗಿಯುವ ಹೊತ್ತಿಗೆ ನಿಮ್ಮ ಹತ್ತಿರ ಆರು ಪುಟ ಇರುತ್ತದೆ, ಪ್ರತಿ ಪುಟದ ಮೇಲೂ ನೀರಿನ ಒಂದು ಸಾಲು. ಅವನ್ನು ಪಕ್ಕ ಪಕ್ಕ ಇಟ್ಟು ಓದಿ. ಗೊತ್ತಾಗದ ಹಕ್ಕಿಗಳ ಮುಂದೆ ಪ್ರಶ್ನೆ ಚಿಹ್ನೆ ಹಾಗೇ ಇರಲಿ, ಊಹೆ ಮಾಡಿ ಹೆಸರು ತುಂಬಬೇಡಿ. ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಹೇಳಿದ ಹೆಸರನ್ನು ಕೂಡ ಕೊಕ್ಕು, ಕಾಲು, ನಡವಳಿಕೆ ಹೊಂದುತ್ತದೆಯೇ ಅಂತ ನೋಡಿಯೇ ಬರೆಯಿರಿ.

ಎರಡನೇ ವರ್ಷ ಗಣೇಶನ ಹಬ್ಬ ಕಳೆದ ಮೇಲೆ, ಹೊರಡುವ ಹಿಂದಿನ ರಾತ್ರಿ, ಕಳೆದ ವರ್ಷದ ಅದೇ ವಾರದ ಪುಟ ತೆಗೆಯಿರಿ. ನಾಳೆ ನೀರು ಎಲ್ಲಿರುತ್ತದೆ, ಯಾವ ಹಕ್ಕಿ ಸಿಗುತ್ತದೆ ಅಂತ ಐದು ಸಾಲು ಬರೆದಿಟ್ಟು ಮಲಗಿ. ಬೆಳಗ್ಗೆ ದಡದಲ್ಲಿ ಕೂತು ಒಂದೊಂದನ್ನೇ ಹುಡುಕಿ. ನನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಪ್ರತಿ ವರ್ಷವೂ ಬೂದು ಕುಂಡೆಕುಸ್ಕ ಇರುತ್ತದೆ. ಒದ್ದೆ ಬಂಡೆಯ ಮೇಲೆ ಆ ಬಾಲ ಕುಣಿಯುವವರೆಗೆ ನಾನು ದೋಣಿ ಹತ್ತುವುದಿಲ್ಲ.